ಸಂಜೆಯ ಕೊನೆಯ ಟ್ರಿಪ್ ಏಕೆ ರದ್ದಾಗುತ್ತದೆ?

ಪ್ರಶ್ನೆ: ಸರ್, ನಗರ ಸಾರಿಗೆ ಸಂಸ್ಥೆಯೊಂದರ ಯೋಜನಾ ವಿಭಾಗಕ್ಕೆ ಸೇರಿ ಒಂದು ವರ್ಷವಾಯಿತು. ನಾವು ಸಿದ್ಧಪಡಿಸಿದ ಫಾರಂ-4, ಅಂದರೆ ಬಸ್ಸಿನ ದಿನದ ಟ್ರಿಪ್‌ಗಳ ವೇಳಾಪಟ್ಟಿ, ನೋಡಿ ಡಿಪೋದವರು ನಗುತ್ತಾರೆ. ಸಂಜೆಯ ಕೊನೆಯ ಟ್ರಿಪ್ ಹೆಚ್ಚೂಕಡಿಮೆ ದಿನವೂ ರದ್ದು. ಚಾಲಕರಿಗೆ ಶಿಸ್ತಿಲ್ಲ ಎನ್ನುತ್ತಾರೆ ನಮ್ಮ ಮೇಲಿನವರು. ನಿಜವೇ?

ಉತ್ತರ: ಶಿಸ್ತಿನ ಮಾತು ಆಮೇಲೆ. ಮೊದಲು ಫಾರಂ-4ರಲ್ಲಿ ಓಟದ ಅವಧಿ, ಅಂದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹಿಡಿಯುವ ಸಮಯ, ನೋಡಿ. ಬೆಳಗಿನ ಆರಕ್ಕೂ ಸಂಜೆಯ ಆರಕ್ಕೂ ಒಂದೇ 55 ನಿಮಿಷ ಬರೆದಿದ್ದೀರಾ? ಹಾಗಿದ್ದರೆ ಬಸ್ಸು ಟ್ರಿಪ್‌ಗೆ ಹತ್ತು ನಿಮಿಷದಂತೆ ಸಾಲ ಮಾಡುತ್ತಾ ಬರುತ್ತದೆ. ಪಾಳಿ ಮುಗಿಯುವ ಹೊತ್ತಿಗೆ ಒಂದು ಟ್ರಿಪ್ ಬಿಟ್ಟು ಅದನ್ನು ತೀರಿಸುತ್ತದೆ.

ಲೆಕ್ಕ ಸರಳ. ಹೋಗಿಬರಲು ವಿರಾಮವೂ ಸೇರಿ 120 ನಿಮಿಷವಾದರೆ, 8 ಬಸ್ಸುಗಳಿಂದ 15 ನಿಮಿಷಕ್ಕೊಂದು ಬಸ್ಸು ಕೊಡಬಹುದು. ರಸ್ತೆಯಲ್ಲಿ 150 ನಿಮಿಷ ಹಿಡಿದರೆ ಅಂತರ ಸುಮಾರು 19 ನಿಮಿಷ. 15ನ್ನೇ ಉಳಿಸಲು 10 ಬಸ್ಸು ಬೇಕು. ಎರಡು ಬಸ್ಸು ಸೇರಿಸುವುದೋ, 19 ನಿಮಿಷವನ್ನು ಒಪ್ಪಿಕೊಳ್ಳುವುದೋ, ನೀವು ತೀರ್ಮಾನಿಸಬೇಕು. ಇಲ್ಲವಾದರೆ ರಾತ್ರಿ ಏಳಕ್ಕೆ ನಿಲ್ದಾಣದ ಸಂಚಾರ ನಿಯಂತ್ರಕರು ನಿಂತಲ್ಲೇ ತೀರ್ಮಾನಿಸುತ್ತಾರೆ. ಬೈಗುಳವೂ ಅವರಿಗೇ.

ಪ್ರಶ್ನೆ: ಜಿಪಿಎಸ್ ದಾಖಲೆ ನಮ್ಮಲ್ಲಿದೆ. ಆದರೆ ಸಮಯ ಹೆಚ್ಚು ಕೊಟ್ಟರೆ ಚಾಲಕರು ತೆವಳಿಸಿಕೊಂಡು ಹೋಗುತ್ತಾರೆ ಎಂಬ ಆಕ್ಷೇಪವಿದೆ.

ಉತ್ತರ: ಅದೂ ಸುಳ್ಳಲ್ಲ. ಅದಕ್ಕೇ ಹೆಚ್ಚುವರಿ ಸಮಯವನ್ನು ದಾರಿಯಲ್ಲಿ ಇಡಬೇಡಿ, ತುದಿ ನಿಲ್ದಾಣದ ವಿರಾಮದಲ್ಲಿ ಇಡಿ. ಜಿಪಿಎಸ್ ದಾಖಲೆಯನ್ನು ದಿನದ ಒಂದೊಂದು ಗಂಟೆಗೂ ಬೇರೆಬೇರೆಯಾಗಿ ಬಿಡಿಸಿ ನೋಡಿ. ಓಟಕ್ಕೆ, ಆ ಗಂಟೆಯ ಅರ್ಧಕ್ಕಿಂತ ತುಸು ಹೆಚ್ಚು ಟ್ರಿಪ್‌ಗಳು ತುದಿ ಮುಟ್ಟುವಷ್ಟು ಅವಧಿ ಸಾಕು. ವಿರಾಮ ಸೇರಿಸಿದಾಗ 20ರಲ್ಲಿ 17-18 ಬಸ್ಸುಗಳು ಮರುಟ್ರಿಪ್‌ಗೆ ಸಮಯಕ್ಕೆ ಹೊರಡುವಂತಿರಲಿ. ಒಮ್ಮೆ ಬರೆದ ಅವಧಿ ಶಾಶ್ವತವೂ ಅಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬಸ್ಸಿಗೆಂದೇ ಪಥ ಬಂತು. ಆಮೇಲೆ ಅಲ್ಲೇ ಮೆಟ್ರೊ ಕಾಮಗಾರಿ ಬಂತು. ಎರಡಕ್ಕೂ ಒಂದೇ ಅವಧಿ ಹೊಂದುತ್ತದೆಯೇ?

ತುದಿ ನಿಲ್ದಾಣವನ್ನು ಮಾತ್ರ ಕಣ್ಣಾರೆ ನೋಡಿ ಬನ್ನಿ. ನಾನೊಮ್ಮೆ ನಕ್ಷೆ ನೋಡಿಯೇ ಒಂದನ್ನು ಗುರುತಿಸಿ ಐದು ನಿಮಿಷ ವಿರಾಮ ಬರೆದಿದ್ದೆ. ಬಸ್ಸು ತಿರುಗಿಸಲೇ ಮೂರು ಸಲ ಹಿಂದೆಮುಂದೆ ಮಾಡಬೇಕಾದ ಜಾಗ ಅದು. ಶೌಚಾಲಯಕ್ಕೆ ಅರ್ಧ ಕಿಲೋಮೀಟರ್ ದೂರದ ಹೋಟೆಲಿಗೆ ನಡೆಯಬೇಕು. "ಐದು ನಿಮಿಷದಲ್ಲಿ ನೀವು ಹೋಗಿಬನ್ನಿ ಸಾರ್, ನಾನು ನೋಡುತ್ತೇನೆ" ಎಂದಿದ್ದರು ಒಬ್ಬ ನಿರ್ವಾಹಕಿ. ಮರುವಾರ ಅದನ್ನು 15 ನಿಮಿಷಕ್ಕೆ ಏರಿಸಿದೆ.