ಒಳಗು ಕಾಣುವಂತೆ ಕೊರೆದ ಬೀಗಕ್ಕೆ ಏನನ್ನಬೇಕು?

ಗೆಳೆಯರೆ, ಒಂದು ಪದ ಬೇಕಾಗಿದೆ. ಅದರ ಜೊತೆಗೇ ಬರುವ ಇನ್ನೆರಡು ಮೂರು ಪದಗಳ ಬಗ್ಗೆಯೂ ನಿಮ್ಮ ಅಭಿಪ್ರಾಯ ಬೇಕು.

ನನಗೆ ಬೀಗ ಕೂಡಿಡುವ ಹವ್ಯಾಸ. ಅದರಲ್ಲೂ ಒಂದು ಪಕ್ಕವನ್ನು ಕೊರೆದು, ಒಳಗಿನ ಪಿನ್ನು, ಸ್ಪ್ರಿಂಗು ಎಲ್ಲ ಕಣ್ಣಿಗೆ ಕಾಣುವಂತೆ ಮಾಡಿದ ಬೀಗಗಳು. ಇಂಗ್ಲಿಷಿನಲ್ಲಿ ಕಟ್‌ಅವೇ ಲಾಕ್ ಅನ್ನುತ್ತಾರೆ. ಕಂಪನಿಗಳು ಅಂಗಡಿಯವರಿಗೆ ತೋರಿಸಲು, ರಿಪೇರಿ ಕಲಿಸಲು ಇಂಥವನ್ನು ಮಾಡಿಸುತ್ತವೆ. ಕೆಲವು ಹವ್ಯಾಸಿಗಳು ತಾವೇ ಮಿಲ್ಲಿಂಗ್ ಮಷೀನಿನಲ್ಲಿ ಕೊರೆದುಕೊಳ್ಳುತ್ತಾರೆ. ನನ್ನ ಬೀಗಗಳಿಗೆ ಕನ್ನಡದಲ್ಲೇ ಚೀಟಿ ಬರೆದಿಡೋಣ ಅಂತ ಕೂತರೆ ಮೊದಲ ಪದಕ್ಕೇ ಕೈ ನಿಂತಿದೆ.

‘ಒಡೆದ ಬೀಗ’ ಅಂದರೆ ಕಳ್ಳತನ ಆಗಿದೆ ಅಂತ ಅರ್ಥ. ‘ಕತ್ತರಿಸಿದ ಬೀಗ’ ಅಂದರೂ ಅಷ್ಟೇ. ‘ತೆರೆದ ಬೀಗ’ ಅಂದರೆ ಹಾಕದೆ ಬಿಟ್ಟ ಬೀಗ. ‘ಕಿಟಕಿ ಬೀಗ’ ಅಂದರೆ ಕಿಟಕಿಗೆ ಹಾಕುವುದು. ಪಾಠದ ಪುಸ್ತಕದ ‘ಅಡ್ಡಛೇದ’ ಕಾಗದದ ಮೇಲಿನ ಚಿತ್ರಕ್ಕೆ ಒಪ್ಪುತ್ತದೆ. ಆದರೆ ಇದು ಚಿತ್ರವಲ್ಲ, ಕೀ ಹಾಕಿದರೆ ತಿರುಗುವ ನಿಜವಾದ ಬೀಗ. ಐಟಿಐ, ಪಾಲಿಟೆಕ್ನಿಕ್ ಲ್ಯಾಬುಗಳಲ್ಲಿ ಹೀಗೇ ಕೊಯ್ದು ಇಟ್ಟ ಇಂಜಿನ್ನು, ಗೇರ್ ಬಾಕ್ಸು ಇರುತ್ತವಲ್ಲ, ಅವಕ್ಕೆ ‘ಕಟ್ ಸೆಕ್ಷನ್’ ಅನ್ನುವುದೇ ರೂಢಿ. ‘ಕಟ್ ಸೆಕ್ಷನ್ ಬೀಗ’ ಅಂದರೆ ಆ ಕೆಲಸದವರಿಗೆ ತಕ್ಷಣ ತಿಳಿಯುತ್ತದೆ, ಬೇರೆಯವರಿಗೆ ತಿಳಿಯುವುದಿಲ್ಲ. ನನ್ನ ಒಲವು ‘ಸೀಳುಬೀಗ’ದ ಕಡೆಗಿದೆ. ಬಾಯಿಗೆ ಸುಲಭ, ಬರೆಯಲೂ ಚಿಕ್ಕದು. ಆದರೆ ಕೇಳಿದವರಿಗೆ ಬಿರುಕು ಬಿಟ್ಟ ಬೀಗ ಅನ್ನಿಸುತ್ತದೆಯೇ? ಇದೇ ನನ್ನ ಮುಖ್ಯ ಪ್ರಶ್ನೆ.

ಎರಡನೆಯ ಪದದ ತೊಡಕು ತಿಳಿಯಬೇಕಾದರೆ ಒಂದು ಬೀಗದ ಒಳಗೆ ಇಣುಕಬೇಕು. ಅಮೆರಿಕದ ವರ್ಜೀನಿಯಾದಲ್ಲಿ 1968ರಲ್ಲಿ ಶುರುವಾದ ಮೆಡೆಕೊ ಕಂಪನಿಯ ಬೀಗ ತೆಗೆದುಕೊಳ್ಳಿ. ಸಾಮಾನ್ಯ ಪಿನ್ ಬೀಗದಲ್ಲಿ ಕೀ ಒಳಗೆ ಹೋದಾಗ ಪಿನ್ನುಗಳು ಸರಿಯಾದ ಎತ್ತರಕ್ಕೆ ಏಳುತ್ತವೆ, ಅಷ್ಟೇ. ಮೆಡೆಕೊದಲ್ಲಿ ಕೀಯ ಹಲ್ಲುಗಳ ನಡುವಿನ ಕಚ್ಚುಗಳನ್ನೇ ಓರೆಯಾಗಿ ಕೊಯ್ದಿರುತ್ತಾರೆ. ಪಿನ್ನಿನ ತುದಿ ಉಳಿಯ ಬಾಯಿಯ ಹಾಗೆ ಚಪ್ಪಟೆ. ಅದು ಓರೆ ಕಚ್ಚಿನಲ್ಲಿ ಕೂತಾಗ ಪಿನ್ನು ಏಳುವುದರ ಜೊತೆಗೆ ಎಡಕ್ಕೋ ಬಲಕ್ಕೋ ಸ್ವಲ್ಪ ಹೊರಳುತ್ತದೆ. ಎಲ್ಲ ಪಿನ್ನುಗಳೂ ಸರಿಯಾಗಿ ಹೊರಳಿದರೆ ಅವುಗಳ ಮೈಮೇಲಿನ ಗೀರುಗಳು ಒಂದೇ ಕಡೆ ಮುಖ ಮಾಡುತ್ತವೆ. ಆಗ ಪಕ್ಕದಲ್ಲಿರುವ ಒಂದು ಸಣ್ಣ ಪಟ್ಟಿ ಆ ಗೀರುಗಳೊಳಗೆ ಸರಿದು ದಾರಿ ಬಿಡುತ್ತದೆ. ಕೊರೆದ ಬೀಗದಲ್ಲಿ ಕೀಯನ್ನು ನಿಧಾನವಾಗಿ ದೂಡುತ್ತಾ ಇದನ್ನು ನೋಡುವುದೇ ಒಂದು ಸೊಗಸು. ಪಿನ್ನುಗಳು ಒಂದೊಂದಾಗಿ ಕತ್ತು ತಿರುಗಿಸುತ್ತವೆ. ಕೊರೆಯುವಾಗ ಮಾತ್ರ ಹುಷಾರಾಗಿರಬೇಕು. ಪಿನ್ನಿನ ದಪ್ಪ ಹೆಚ್ಚುಕಡಿಮೆ 3 ಮಿಲಿಮೀಟರ್. ತೆರೆದ ಸೀಳು ಅದಕ್ಕಿಂತ ಅಗಲವಾದರೆ ಪಿನ್ನು, ಸ್ಪ್ರಿಂಗು ಎರಡೂ ಹೊರಗೆ ಚಿಮ್ಮುತ್ತವೆ.

ಆ ಪಕ್ಕದ ಪಟ್ಟಿಗೆ ‘ಅಗುಳಿ’ ಅಂತಲೇ ಬರೆದಿದ್ದೇನೆ. ಹಳೆಯ ಮನೆಯ ಬಾಗಿಲಿನ ಅಗುಳಿ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ, ಗಾತ್ರ ಮಾತ್ರ ಸಣ್ಣದು. ಫಿನ್ಲೆಂಡಿನ ಅಬ್ಲಾಯ್ ಬೀಗದಲ್ಲೂ ಇಂಥದೇ ಅಗುಳಿ ಇದೆ. 1907ರಲ್ಲಿ ಎಮಿಲ್ ಹೆನ್ರಿಕ್ಸನ್ ಕಂಡುಹಿಡಿದ ಆ ಬೀಗದಲ್ಲಿ ಪಿನ್ನುಗಳ ಬದಲು ಬಿಲ್ಲೆಗಳು. ಕೀ ತಿರುಗಿಸಿದಾಗ ಬಿಲ್ಲೆಗಳ ಕಚ್ಚುಗಳು ಸಾಲಾಗಿ ನಿಲ್ಲುತ್ತವೆ, ಅಗುಳಿ ಅದರೊಳಗೆ ಬೀಳುತ್ತದೆ. ಆದರೆ ತಿರುಗುವ ಒಳಭಾಗಕ್ಕೂ ಅಲುಗಾಡದ ಹೊರಭಾಗಕ್ಕೂ ನಡುವೆ ಒಂದು ಗೆರೆ ಇದೆಯಲ್ಲ, ಇಂಗ್ಲಿಷಿನ ಶಿಯರ್ ಲೈನ್, ಅದಕ್ಕೆ ಏನನ್ನೋಣ? ಪಿನ್ ಬೀಗದಲ್ಲಿ ಪ್ರತಿ ಪಿನ್ನೂ ಒಂದರ ಮೇಲೊಂದು ಕೂತ ಎರಡು ತುಂಡು. ಆ ತುಂಡುಗಳು ಸೇರುವ ಜಾಗ ಸರಿಯಾಗಿ ಈ ಗೆರೆಗೆ ಬಂದರೆ ಮಾತ್ರ ಬೀಗ ತಿರುಗುತ್ತದೆ. ‘ಸಂದುಗೆರೆ’ ಅಂತ ಬರೆದು ನೋಡಿದೆ, ಹಿಡಿಸಿತು. ಮರಗೆಲಸದವರ ಬಳಿ ಇದಕ್ಕಿಂತ ಒಳ್ಳೆಯ ಮಾತು ಇದ್ದರೆ ಹೇಳಿ.

ಮೆಡೆಕೊ, ಅಬ್ಲಾಯ್‌ನಂಥ ಬೀಗಗಳನ್ನು ಇಂಗ್ಲಿಷಿನಲ್ಲಿ ಹೈ ಸೆಕ್ಯುರಿಟಿ ಲಾಕ್ ಅನ್ನುತ್ತಾರೆ. ಈ ಹೈ ಸೆಕ್ಯುರಿಟಿಗೆ ಪತ್ರಿಕೆಗಳು ವಾಹನಗಳ ನಂಬರ್ ಪ್ಲೇಟಿನ ಸುದ್ದಿಯಲ್ಲಿ ‘ಅತಿ ಸುರಕ್ಷಿತ’ ಅಂತ ಬಳಸಿವೆ. ಜನರಿಗೆ ಅದು ರೂಢಿಯಾಗಿದೆ, ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ.

ಇನ್ನೊಂದು, ಕೀ ಇಲ್ಲದೆ, ಬೀಗವನ್ನು ಹಾಳು ಮಾಡದೆ ತೆಗೆಯುವುದಕ್ಕೆ ಒಂದು ಕ್ರಿಯಾಪದ. ‘ಒಡೆ’, ‘ಮುರಿ’ ಎರಡೂ ಇಲ್ಲಿ ತಪ್ಪು. ಲಂಡನ್ನಿನಲ್ಲಿ ಬ್ರಾಮಾ ಕಂಪನಿ ತನ್ನ ಬೀಗವೊಂದನ್ನು ಅಂಗಡಿಯ ಕಿಟಕಿಯಲ್ಲಿಟ್ಟು, ತೆಗೆದವರಿಗೆ 200 ಗಿನಿ ಬಹುಮಾನ ಅಂತ ಸವಾಲು ಹಾಕಿತ್ತು. ಅರುವತ್ತು ವರ್ಷ ಯಾರಿಗೂ ಆಗಲಿಲ್ಲ. 1851ರಲ್ಲಿ ಅಮೆರಿಕದ ಆಲ್ಫ್ರೆಡ್ ಹಾಬ್ಸ್ 16 ದಿನಗಳಲ್ಲಿ ಒಟ್ಟು 51 ಗಂಟೆ ಕೂತು ಅದನ್ನು ತೆಗೆದ. ಆ ಬಹುಮಾನವೂ ಅವನಿಗೇ ಸಿಕ್ಕಿತು. ಆತ ಬೀಗ ಮುರಿದ ಅಂತ ಬರೆದರೆ ಆ ತಾಳ್ಮೆಗೆ ಅನ್ಯಾಯ. ಒಗಟು ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ, ಹಾಗೇ ‘ಬೀಗ ಬಿಡಿಸಿದ’ ಅನ್ನಬಹುದು ಅಲ್ವಾ? ನನಗಂತೂ ಇದು ಇಂಗ್ಲಿಷಿನ ಪಿಕ್‌ಗಿಂತ ಜಾಸ್ತಿ ಒಪ್ಪಿಗೆಯಾಗಿದೆ.

ಕೊನೆಗೆ ಉತ್ತರ ಕರ್ನಾಟಕದವರಿಗೆ ಒಂದು ಮಾತು. ನಿಮ್ಮಲ್ಲಿ ‘ಕೀಲಿ’ ಅಂದರೆ ಬೀಗ, ತೆಗೆಯುವುದು ‘ಕೀಲಿಕೈ’. ಆದರೆ ಕೀಬೋರ್ಡಿಗೆ ಕೀಲಿಮಣೆ ಅನ್ನುವ ಪದ ಮಾಡಿದವರು ಕೀಲಿಯನ್ನು ಕೀ ಅಂತಲೇ ತಿಳಿದಿದ್ದರು. ಅದಕ್ಕೇ ಚೀಟಿಗಳಲ್ಲಿ ‘ಕೀಲಿ’ ಬಿಟ್ಟು ‘ಬೀಗ’, ‘ಬೀಗದ ಕೈ’ ಅಂತ ಬರೆಯಬೇಕು ಅಂತಿದ್ದೇನೆ. ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯವರಿಗೆ ಇದು ಓದಲು ಪರಕೀಯ ಅನ್ನಿಸುತ್ತದೆಯೇ? ‘ಸೀಳುಬೀಗ’ಕ್ಕೆ ನಿಮ್ಮಲ್ಲಿ ‘ಸೀಳುಕೀಲಿ’ ಅಂದರೆ ಹೇಗೆ ಕೇಳಿಸುತ್ತದೆ? ಚೀಟಿ ಅಚ್ಚು ಹಾಕಿಸುವ ಮೊದಲು ನಿಮ್ಮ ಮಾತು ಬೇಕು.