ಮಿನೆಸೋಟದ ಸೀಟು ಕದ್ದಿದ್ದರಿಂದಲೇ ಒಬಾಮ ಪ್ಯಾಕೇಜ್ ಪಾಸಾಯ್ತಾ?

ಅರ್ಧಕಪ್:
ನಮ್ಮ ಭಾವ ಇಪ್ಪತ್ತು ವರ್ಷದಿಂದ ಅಮೆರಿಕದಲ್ಲಿದ್ದಾರೆ, ಪಕ್ಕಾ ರಿಪಬ್ಲಿಕನ್. ಮೊನ್ನೆ ಫೋನಿನಲ್ಲಿ ಮಾತು ಎಲ್ಲಿಂದಲೋ ಶುರುವಾಗಿ 2009ಕ್ಕೆ ಬಂದು ನಿಂತಿತು. ಅವರು ಹೇಳುವುದು ಇಷ್ಟು. ಮಿನೆಸೋಟ ರಾಜ್ಯದಲ್ಲಿ ಡೆಮಾಕ್ರಾಟ್ ಪಕ್ಷದ ಆಲ್ ಫ್ರಾಂಕನ್ ಮರುಎಣಿಕೆ ಹೆಸರಲ್ಲಿ ಸೆನೆಟ್ (ಅಲ್ಲಿಯ ಸಂಸತ್ತಿನ ಮೇಲ್ಮನೆ) ಸೀಟು ಹೊಡೆದುಕೊಂಡ, ಆ ಒಂದು ಮತದಿಂದ ಒಬಾಮ 787 ಬಿಲಿಯನ್ ಡಾಲರ್ ಆರ್ಥಿಕ ಉತ್ತೇಜನ ಪ್ಯಾಕೇಜ್ ಪಾಸ್ ಮಾಡಿಸಿಕೊಂಡರು, ಆ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ನನಗೆ ಆಗ ಇದೆಲ್ಲ ಗೊತ್ತಿರಲಿಲ್ಲ, ಸುಮ್ನೆ ಹೂಂ ಹೂಂ ಅಂದೆ. ಆದರೆ ಫೋನ್ ಇಟ್ಟ ಮೇಲೆ ತಲೆ ತಿನ್ನುತ್ತಿದೆ. ಇದರಲ್ಲಿ ಎಷ್ಟು ನಿಜ, ಎಷ್ಟು ಬುರುಡೆ? ಯಾರಾದರೂ ತಾರೀಖು ಸಮೇತ ಹೇಳ್ತೀರಾ? ದಯವಿಟ್ಟು ಪಕ್ಷದ ಭಾಷಣ ಬೇಡ, ಅದು ಭಾವನಿಂದಲೇ ಸಾಕಷ್ಟು ಸಿಗುತ್ತದೆ.

ತಾರೀಖುಪ್ರಿಯ:
ತಾರೀಖು ಕೇಳಿದ್ದು ಒಳ್ಳೆಯದಾಯಿತು, ಯಾಕೆಂದರೆ ನಿಮ್ಮ ಭಾವನ ವಾದ ಬೀಳುವುದೇ ಅಲ್ಲಿ.

ಪ್ಯಾಕೇಜಿನ ಕೊನೆಯ ಮತದಾನ ಸೆನೆಟ್‌ನಲ್ಲಿ ನಡೆದದ್ದು 2009ರ ಫೆಬ್ರುವರಿ 13ರ ರಾತ್ರಿ. ಒಬಾಮ ಡೆನ್ವರ್‌ನಲ್ಲಿ ಸಹಿ ಹಾಕಿದ್ದು ಫೆಬ್ರುವರಿ 17ಕ್ಕೆ. ಫ್ರಾಂಕನ್ ಪ್ರಮಾಣವಚನ ತೆಗೆದುಕೊಂಡದ್ದು ಜುಲೈ 7ಕ್ಕೆ. ಅಂದರೆ ಹೆಚ್ಚುಕಮ್ಮಿ ಐದು ತಿಂಗಳ ನಂತರ! ಮತದಾನದ ದಿನ ಆ ಕುರ್ಚಿ ಖಾಲಿ ಇತ್ತು. ಇಲ್ಲದ ಮನುಷ್ಯ ಹೇಗೆ ಮತ ಹಾಕುತ್ತಾನೆ ಅಂತ ಭಾವನನ್ನೇ ಕೇಳಿ.

ಅಷ್ಟೇ ಅಲ್ಲ, ಆ ಖಾಲಿ ಸೀಟು ಕಷ್ಟ ಕೊಟ್ಟದ್ದು ಡೆಮಾಕ್ರಾಟರಿಗೆ. ವಿರೋಧಿಗಳ ತಡೆ ದಾಟಿ ಮಸೂದೆ ಮುಂದೆ ಹೋಗಲು ಸೆನೆಟ್‌ನ ಐದರಲ್ಲಿ ಮೂರು ಪಾಲು, ಅಂದರೆ 60 ಮತ ಬೇಕಿತ್ತು. ಸದಸ್ಯರು 100ರ ಬದಲು 99 ಇದ್ದರೂ ಐದರಲ್ಲಿ ಮೂರು ಪಾಲು ಅಂದರೆ 59.4, ಅಂದರೆ ಮತ್ತೆ 60. ಸೀಟು ಖಾಲಿ ಇದೆ ಅಂತ ರಿಯಾಯಿತಿ ಏನೂ ಇಲ್ಲ. ಡೆಮಾಕ್ರಾಟರ ಕಡೆ ಇದ್ದವರು 58. ಅದರಲ್ಲಿ ಟೆಡ್ ಕೆನಡಿಗೆ ಮೆದುಳಿನ ಕ್ಯಾನ್ಸರ್, ಕೊನೆಯ ಮತದಾನಕ್ಕೆ ಬರಲಾಗಲಿಲ್ಲ. ಉಳಿದದ್ದು 57. ಮೂವರು ರಿಪಬ್ಲಿಕನ್ನರು ಕೈ ಹಿಡಿದರು: ಮೇನ್ ರಾಜ್ಯದ ಸೂಸನ್ ಕಾಲಿನ್ಸ್, ಒಲಿಂಪಿಯಾ ಸ್ನೋ, ಪೆನ್ಸಿಲ್ವೇನಿಯಾದ ಆರ್ಲೆನ್ ಸ್ಪೆಕ್ಟರ್. ಸರಿಯಾಗಿ 60. ಒಂದೇ ಒಂದು ಕಮ್ಮಿಯಾಗಿದ್ದರೂ ಮುಗಿಯುತ್ತಿತ್ತು.

ಆ 60ನೆಯವರು ಒಹಾಯೋದ ಶೆರಾಡ್ ಬ್ರೌನ್. ಅವರ ತಾಯಿ ತೀರಿಕೊಂಡಿದ್ದರು, ಊರಲ್ಲಿ ಅಂತಿಮ ದರ್ಶನ ನಡೆಯುತ್ತಿತ್ತು. ಉಳಿದವರೆಲ್ಲ ಮತ ಹಾಕಿ ಆದ ಮೇಲೂ ಗಂಟೆಗಟ್ಟಲೆ ಮತದಾನ ಮುಗಿಸದೆ ಇವರಿಗಾಗಿ ಕಾದರು. ಬ್ರೌನ್ ಸರ್ಕಾರಿ ವಿಮಾನದಲ್ಲಿ ವಾಷಿಂಗ್ಟನ್‌ಗೆ ಬಂದು, ರಾತ್ರಿ ಹತ್ತೂವರೆ ದಾಟಿದ ಮೇಲೆ ಒಂದು ಮತ ಹಾಕಿ, ತಾಯಿಯ ಅಂತ್ಯಕ್ರಿಯೆಗೆ ವಾಪಸ್ ಹೋದರು. ಫಲಿತಾಂಶ 60–38. ಫ್ರಾಂಕನ್ ಅಲ್ಲಿ ಕೂತಿದ್ದರೆ ಆ ಮನುಷ್ಯನಿಗೆ ಈ ಓಡಾಟವೇ ಬೇಕಿರಲಿಲ್ಲ.

ಇನ್ನು ಆ ಮೂವರು ಪುಕ್ಕಟೆ ಬರಲಿಲ್ಲ. ಶಾಲಾ ಕಟ್ಟಡಕ್ಕೆ ಅಂತ ಪ್ರತ್ಯೇಕವಾಗಿ ಇಟ್ಟಿದ್ದ ಹಣ ಹೋಯಿತು, ರಾಜ್ಯಗಳಿಗೆ ಕೊಡುವುದರಲ್ಲಿ ಕತ್ತರಿ ಬಿತ್ತು, ಸ್ಪೆಕ್ಟರ್ ವೈದ್ಯಕೀಯ ಸಂಶೋಧನೆಯ ಹಣವನ್ನು 10 ಬಿಲಿಯನ್‌ಗೆ ಏರಿಸಿಕೊಂಡರು. ಸೀಟು ತುಂಬಿದ್ದರೆ ಪ್ಯಾಕೇಜ್ ಇನ್ನೂ ದೊಡ್ಡದಾಗುತ್ತಿತ್ತು ಅಂತ ನನ್ನ ಅಂದಾಜು.

ಖಾಲಿಖಜಾನೆ:
ತಾರೀಖುಪ್ರಿಯ ಹೇಳಿದ ತಾರೀಖುಗಳು ಸರಿ, ತಕರಾರಿಲ್ಲ. ಆದರೆ ಭಾವನ ಎರಡನೇ ಮಾತನ್ನು ಅವರು ಮುಟ್ಟಲೇ ಇಲ್ಲ. ದುಡ್ಡು ಕೆಲಸ ಮಾಡಿತಾ? ನಾನು ಇಲ್ಲಿ ಭಾವನ ಪರ.

2009ರ ಜನವರಿಯಲ್ಲಿ ಒಬಾಮ ಕಡೆಯ ಅರ್ಥಶಾಸ್ತ್ರಜ್ಞರು ಕ್ರಿಸ್ಟಿನಾ ರೋಮರ್ ಮತ್ತು ಜೇರೆಡ್ ಬರ್ನ್‌ಸ್ಟೀನ್ ಒಂದು ವರದಿ ಬರೆದರು. ಅದರಲ್ಲಿ ಒಂದು ನಕ್ಷೆ. ಪ್ಯಾಕೇಜ್ ಇದ್ದರೆ ನಿರುದ್ಯೋಗ ಶೇ 8 ದಾಟುವುದಿಲ್ಲ, ಇಲ್ಲದಿದ್ದರೆ ಶೇ 9ರ ಹತ್ತಿರ ಹೋಗುತ್ತದೆ ಅಂತ ಎರಡು ಗೆರೆ ಎಳೆದಿದ್ದರು. ಆಮೇಲೆ ಏನಾಯಿತು? ಅಕ್ಟೋಬರ್‌ನಲ್ಲಿ ಶೇ 10. ಅಂದರೆ ಔಷಧಿ ಕುಡಿಸಿದ ರೋಗಿಯ ಸ್ಥಿತಿ, ಔಷಧಿ ಕೊಡದಿದ್ದರೆ ಆಗುತ್ತೆ ಅಂದಿದ್ದಕ್ಕಿಂತಲೂ ಹದಗೆಟ್ಟಿತು. ಇದನ್ನು ನಾನು ಮಾಡಿದ ಲೆಕ್ಕ ಅನ್ನಬೇಡಿ, ಅವರದೇ ಲೆಕ್ಕ.

ಆಮೇಲೆ ಆ 'ಗುದ್ದಲಿ ಹಿಡಿದು ನಿಂತಿದ್ದೇವೆ, ದುಡ್ಡು ಬಂದರೆ ಸಾಕು' ಅನ್ನೋ ಕಾಮಗಾರಿಗಳು. ಅಷ್ಟು ತಯಾರಿರಲಿಲ್ಲ ಅಂತ 2011ರಲ್ಲಿ ಒಬಾಮ ತಾವೇ ನಗುತ್ತಾ ಒಪ್ಪಿಕೊಂಡರು. ಸೊಲಿಂಡ್ರಾ ಅನ್ನೋ ಸೌರ ಕಂಪನಿಗೆ 535 ಮಿಲಿಯನ್ ಡಾಲರ್ ಸಾಲಕ್ಕೆ ಸರ್ಕಾರ ಜಾಮೀನು ನಿಂತಿತು, 2011ರಲ್ಲಿ ಅದು ದಿವಾಳಿ. ಸಾಲ ಮಾಡಿ ತುಪ್ಪ ತಿನ್ನೋದಕ್ಕೆ ಯಾರು ಬೇಡ ಅಂತಾರೆ, ತೀರಿಸೋರು ಯಾರು ಅನ್ನೋದಷ್ಟೇ ಪ್ರಶ್ನೆ. ಕೆಳಮನೆಯಲ್ಲಿ ಒಬ್ಬ ರಿಪಬ್ಲಿಕನ್ ಕೂಡ ಇದಕ್ಕೆ ಮತ ಹಾಕಲಿಲ್ಲ. ಅದು ಬರೀ ಹಟ ಅಂತ ಹೇಳಿ ಮುಗಿಸಬೇಡಿ.

ಹಿಮದೊಳಗೆ:
ನಾನು ಆಗ ಮಿನೆಸೋಟದ ಸೇಂಟ್ ಪಾಲ್‌ನಲ್ಲಿದ್ದೆ. ಮತ ಹಾಕುವ ಹಕ್ಕಿಲ್ಲ, ತೆರಿಗೆ ಕಟ್ಟುವ ಭಾಗ್ಯ ಮಾತ್ರ. ಆದರೆ ಆ ಮರುಎಣಿಕೆ ನೋಡಿದಷ್ಟು ಆಸಕ್ತಿಯಿಂದ ನಾನು ಕ್ರಿಕೆಟ್ಟನ್ನೂ ನೋಡಿಲ್ಲ.

ಸುಮಾರು 29 ಲಕ್ಷ ಮತ. ಮೊದಲ ಲೆಕ್ಕದಲ್ಲಿ ರಿಪಬ್ಲಿಕನ್ ನಾರ್ಮ್ ಕೋಲ್ಮನ್ 215 ಮತ ಮುಂದೆ. ಅಂತರ ಅರ್ಧ ಪರ್ಸೆಂಟಿಗಿಂತ ಕಮ್ಮಿ ಇದ್ದರೆ ಕೈಯಿಂದ ಮತ್ತೆ ಎಣಿಸಬೇಕು ಅಂತ ಅಲ್ಲಿಯ ಕಾನೂನೇ ಇತ್ತು, ಫ್ರಾಂಕನ್ ಹಟ ಹಿಡಿದು ಮಾಡಿಸಿದ್ದಲ್ಲ. ಮತಚೀಟಿ ಅಂದರೆ ಕಾಗದದ ಹಾಳೆ, ಹೆಸರಿನ ಪಕ್ಕ ಮೊಟ್ಟೆಯಾಕಾರದ ಗುರುತು ಇರುತ್ತೆ, ಅದನ್ನು ಪೆನ್ನಿನಲ್ಲಿ ತುಂಬಬೇಕು. ಜನ ಅಷ್ಟು ಮಾಡಿದರೆ ತಾನೆ! ಒಬ್ಬರು ಟಿಕ್ ಹಾಕಿದ್ದಾರೆ, ಒಬ್ಬರು ಹೆಸರಿಗೇ ಸುತ್ತು ಹಾಕಿದ್ದಾರೆ, ಇನ್ನೊಬ್ಬರು ತುಂಬಿ ಆಮೇಲೆ ಗೀಚಿ ಹೊಡೆದಿದ್ದಾರೆ. ತಕರಾರು ಬಂದ ಚೀಟಿಗಳ ಫೋಟೋಗಳನ್ನು ಸ್ಥಳೀಯ ಪತ್ರಿಕೆಯವರು ಆನ್‌ಲೈನ್‌ನಲ್ಲಿ ಹಾಕಿದ್ದರು, ಆಫೀಸಿನಲ್ಲಿ ಊಟದ ಹೊತ್ತಿಗೆ ನಾವೇ ಕೂತು ತೀರ್ಪು ಕೊಡುತ್ತಿದ್ದೆವು. ಒಬ್ಬ ಪುಣ್ಯಾತ್ಮ ಫ್ರಾಂಕನ್ ಮುಂದಿನ ಗುರುತನ್ನು ನೀಟಾಗಿ ತುಂಬಿ, ಕೆಳಗಿನ ಖಾಲಿ ಜಾಗದಲ್ಲಿ 'ಹಲ್ಲಿ ಜನ' ಅಂತ ಬರೆದಿದ್ದ. ಇದು ಫ್ರಾಂಕನ್ ಮತವೋ ಹಲ್ಲಿ ಮತವೋ? ತಕರಾರಿನ ಚೀಟಿಗಳನ್ನು ತೀರ್ಮಾನಿಸುವ ರಾಜ್ಯದ ಮಂಡಳಿ ತಿರಸ್ಕರಿಸಿತು. ಫ್ರಾಂಕನ್‌ಗೆ ಒಂದು ಮತ ಹೋಯಿತು ಅಂತ ನನ್ನ ಪಕ್ಕದ ಡೆಸ್ಕಿನವನು ಒಂದು ವಾರ ಗೊಣಗಿದ.

ಈ ಮಂಡಳಿಯಲ್ಲಿ ಐದು ಜನ. ಚುನಾವಣೆ ನೋಡಿಕೊಳ್ಳುವ ರಾಜ್ಯ ಕಾರ್ಯದರ್ಶಿ ಮಾರ್ಕ್ ರಿಚಿ ಡೆಮಾಕ್ರಾಟ್, ನಿಜ. ಉಳಿದ ನಾಲ್ವರು ನ್ಯಾಯಾಧೀಶರು. ಅದರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ಇಬ್ಬರನ್ನು ನೇಮಿಸಿದ್ದವರು ರಿಪಬ್ಲಿಕನ್ ಗವರ್ನರ್ ಟಿಮ್ ಪಾಲೆಂಟಿ. ತಪ್ಪಾಗಿ ತಿರಸ್ಕರಿಸಿದ್ದ 933 ಅಂಚೆ ಮತಗಳನ್ನು ತೆರೆದು ಎಣಿಸಿದ ಮೇಲೆ ಫ್ರಾಂಕನ್ 225 ಮುಂದೆ ಬಂದರು. ಕೋಲ್ಮನ್ ಕೋರ್ಟಿಗೆ ಹೋದರು. ಮೂವರು ನ್ಯಾಯಾಧೀಶರ ಮುಂದೆ ವಿಚಾರಣೆಯಾಗಿ ಏಪ್ರಿಲ್‌ನಲ್ಲಿ ಅಂತರ 312ಕ್ಕೆ ಏರಿತು. ಜೂನ್ 30ಕ್ಕೆ ರಾಜ್ಯದ ಸುಪ್ರೀಂ ಕೋರ್ಟ್ 5–0ಯಿಂದ ಫ್ರಾಂಕನ್ ಗೆದ್ದರು ಅಂತ ಹೇಳಿತು, ಅದೇ ದಿನ ಕೋಲ್ಮನ್ ಸೋಲು ಒಪ್ಪಿಕೊಂಡರು.

ನಿಮ್ಮ ಭಾವನಿಗೆ ತೋರಿಸಬೇಕಾದದ್ದು ಇದು: ಚುನಾವಣೆಯಲ್ಲಾಗಲಿ ಮರುಎಣಿಕೆಯಲ್ಲಾಗಲಿ ವಂಚನೆ ನಡೆದಿದೆ ಅಂತ ಎರಡೂ ಕಡೆಯವರು ಆರೋಪಿಸಿಲ್ಲ ಅಂತ ಆ ತೀರ್ಪಿನಲ್ಲೇ ಬರೆದಿದೆ. ಟಿವಿಯಲ್ಲಿ ಕದ್ದರು ಕದ್ದರು, ಕೋರ್ಟಿನಲ್ಲಿ ಬಾಯಿ ಬಂದ್.

ಹಾಗಂತ ಎಲ್ಲ ಚೊಕ್ಕ ಅಂತಲೂ ಹೇಳಲಾರೆ. ಮಿನಿಯಾಪೊಲಿಸ್‌ನ ಒಂದು ಮತಗಟ್ಟೆಯ 133 ಚೀಟಿಗಳಿದ್ದ ಲಕೋಟೆ ಕೊನೆಗೂ ಸಿಗಲಿಲ್ಲ, ಆ ರಾತ್ರಿ ಯಂತ್ರ ಕೊಟ್ಟ ಲೆಕ್ಕವನ್ನೇ ಹಿಡಿದರು. ಅದು ಫ್ರಾಂಕನ್‌ಗೆ ಅನುಕೂಲವಾಯಿತು. ಕೋಲ್ಮನ್ ಕಡೆಯವರಿಗೆ ಹೊಟ್ಟೆ ಉರಿದದ್ದು ನನಗೆ ಅರ್ಥವಾಗುತ್ತದೆ.

ತಾರೀಖುಪ್ರಿಯ:
ಖಾಲಿಖಜಾನೆ, ನಕ್ಷೆ ತಪ್ಪಾಯಿತು, ಒಪ್ಪಿದೆ. ಆದರೆ ಯಾಕೆ ತಪ್ಪಾಯಿತು ನೋಡಿ. 2008ರ ಕೊನೆಯ ಮೂರು ತಿಂಗಳಲ್ಲಿ ಆರ್ಥಿಕತೆ ವಾರ್ಷಿಕ ಲೆಕ್ಕದಲ್ಲಿ ಶೇ 3.8 ಕುಗ್ಗಿದೆ ಅಂತ ಮೊದಲು ಅಂಕಿ ಬಂತು. ಆಮೇಲೆ ಪರಿಷ್ಕರಿಸಿದಾಗ ಅದು ಶೇ 8 ದಾಟಿತ್ತು. ಜ್ವರ 100 ಅಂತ ಔಷಧಿ ಬರೆದರು, ಥರ್ಮಾಮೀಟರೇ ಕೆಟ್ಟಿತ್ತು. ಇದರಿಂದ ಔಷಧಿ ಕೆಲಸ ಮಾಡಲಿಲ್ಲ ಅಂತಲೂ ಆಗುವುದಿಲ್ಲ, ಮಾಡಿತು ಅಂತಲೂ ಆಗುವುದಿಲ್ಲ.

ಇನ್ನು ಎಲ್ಲ ಖರ್ಚೇ ಅನ್ನುವ ಹಾಗೆ ಮಾತಾಡಬೇಡಿ. ಅದರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ತೆರಿಗೆ ಕಡಿತ. ನಿಮ್ಮ ಕಡೆಯವರು ಸಾಮಾನ್ಯವಾಗಿ ಚಪ್ಪಾಳೆ ಹೊಡೆಯುವ ವಿಷಯ ಅದು, ಅಲ್ವಾ?

ಹಿಮದೊಳಗೆ:
ಆ ತೆರಿಗೆ ಕಡಿತದ ಕಥೆ ಕೇಳಿ. ಒಬ್ಬೊಬ್ಬರಿಗೆ ವರ್ಷಕ್ಕೆ 400 ಡಾಲರ್, ಗಂಡ ಹೆಂಡತಿಗೆ 800. ಬುಷ್ 2008ರಲ್ಲಿ ಚೆಕ್ ಕಳಿಸಿದ್ದರು, ಜನರಿಗೆ ನೆನಪಿತ್ತು. ಈ ಸಲ ಚೆಕ್ ಕೊಡದೆ ಸಂಬಳದಲ್ಲಿ ಹಿಡಿಯುವ ತೆರಿಗೆಯನ್ನೇ ಚೂರು ಚೂರು ಕಮ್ಮಿ ಮಾಡಿದರು. ಗೊತ್ತಾಗದೆ ಬಂದರೆ ಜನ ಕೂಡಿಡದೆ ಖರ್ಚು ಮಾಡುತ್ತಾರೆ ಅಂತ ಲೆಕ್ಕ. ನನ್ನ ಸಂಬಳದ ಚೀಟಿಯಲ್ಲಿ ಎರಡು ವಾರಕ್ಕೆ ಇಪ್ಪತ್ತು ಡಾಲರ್ ಆಸುಪಾಸು ಜಾಸ್ತಿ ಬರುತ್ತಿತ್ತು. ನಾನು ಗಮನಿಸಿದ್ದು ಮುಂದಿನ ವರ್ಷ ತೆರಿಗೆ ಫಾರಂ ತುಂಬುವಾಗ! ಅರ್ಥಶಾಸ್ತ್ರಕ್ಕೆ ಸರಿ ಇರಬಹುದು, ರಾಜಕೀಯಕ್ಕೆ ಇದಕ್ಕಿಂತ ದಡ್ಡತನ ಇಲ್ಲ. ತೆರಿಗೆ ಇಳಿಸಿ ಅದರ ಹೆಸರನ್ನೂ ಕಳೆದುಕೊಂಡರು.

ಖಾಲಿಖಜಾನೆ:
ಅದಕ್ಕೆ ನಾನು ಅಡ್ಡಿ ಹೇಳಲ್ಲ. ಸೀಟಿನ ವಿಷಯದಲ್ಲಿ ಮಾತ್ರ ಒಂದು ಮಾತು. ಅರ್ಧಕಪ್ ಅವರ ಭಾವ ಮಸೂದೆ ಅದಲುಬದಲು ಮಾಡಿಕೊಂಡಿರಬೇಕು. ಏಪ್ರಿಲ್‌ನಲ್ಲಿ ಸ್ಪೆಕ್ಟರ್ ಡೆಮಾಕ್ರಾಟ್ ಪಕ್ಷಕ್ಕೆ ಹಾರಿದರು, ಜುಲೈನಲ್ಲಿ ಫ್ರಾಂಕನ್ ಬಂದರು. ಆಗ 60 ಆಯಿತು. ಆ ವರ್ಷ ಡಿಸೆಂಬರ್ 24ರ ಬೆಳಗ್ಗೆ ಆರೋಗ್ಯ ವಿಮೆ ಮಸೂದೆ ಸೆನೆಟ್‌ನಲ್ಲಿ 60–39ರಲ್ಲಿ ಪಾಸಾಯಿತು. ಅಲ್ಲಿ ಆ 312 ಮತ ಇಡೀ ದೇಶದ ಲೆಕ್ಕ ಬದಲಿಸಿತು.

ಅರ್ಧಕಪ್:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಫೋನ್ ಮಾಡಿ ಫೆಬ್ರುವರಿ 13, ಜುಲೈ 7 ಎರಡೂ ಹೇಳಿದೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಖಾಲಿಖಜಾನೆ ಹೇಳಿದ ಆರೋಗ್ಯ ವಿಮೆ ವಿಷಯ ಬಾಯಿ ತಪ್ಪಿ ಹೇಳಿಬಿಟ್ಟೆ. "ನೋಡಿದೆಯಾ, ನಾನು ಮೊದಲಿಂದ ಹೇಳ್ತಿದ್ದಿದ್ದೂ ಅದೇ" ಅಂದರು.