ಸಹಾಯ ಬೇಕು: ಮೌಂಟ್ ಕೆನ್ಯಾ, ಸಿರಿಮೊನ್ ಕಡೆಯಿಂದ ಹತ್ತಿ ಚೊಗೋರಿಯಾ ಕಡೆ ಇಳಿಯಲು

ಗುರಿ ಲೆನಾನಾ ತುದಿ, 4,985 ಮೀಟರ್. ತೊಡಕಿರುವುದು ಎರಡನೇ ದಿನ: ಮೊದಲ ರಾತ್ರಿಯ ಶಿಬಿರ ಓಲ್ಡ್ ಮೋಸಸ್ 3,300, ಮುಂದಿನ ಶಿಬಿರ ಶಿಪ್ಟನ್ಸ್ 4,200. ಮೂರು ಸಾವಿರ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು, ಇಲ್ಲಿ 900! ತಲೆನೋವು, ವಾಂತಿ ಶುರುವಾಗೋದೇ ಹೀಗೆ. ಹೆಚ್ಚುವರಿ ರಾತ್ರಿ ಮೋಸಸ್‌ನಲ್ಲೇ ಕಳೆಯುವುದು ವಾಸಿ ಅನ್ನಿಸುತ್ತದೆ. ಅಥವಾ ನಡುವೆ ಲಿಕಿ ನಾರ್ತ್ ಬಳಿ ಟೆಂಟ್ ಹಾಕಬಹುದೇ, ನೀರು ಹತ್ತಿರವೇ?

ಕ್ಲೋರಿನ್ ಮಾತ್ರೆ ತಣ್ಣೀರಿನಲ್ಲಿ ನಿಧಾನ, ಕುದಿಸಲೇಬೇಕು. ಗ್ಯಾಸ್ ಕ್ಯಾನಿಸ್ಟರ್ ವಿಮಾನದಲ್ಲಿ ಒಯ್ಯುವಂತಿಲ್ಲ. ತಿರುಪಿನ ಬಾಯಿಯ, ಐಸೊಬ್ಯೂಟೇನ್ ಬೆರೆತದ್ದು ನೈರೋಬಿಯಲ್ಲಿ ಸಿಗುತ್ತಾ? ಬರೀ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಸರಿಯಾಗಿ ಉರಿಯೋದಿಲ್ಲ.

ಇಳಿಯುವಾಗ ಬಿದಿರುಕಾಡಿನಲ್ಲಿ ಆನೆ, ಕೇಪ್ ಎಮ್ಮೆ ಇವೆ (ನಮ್ಮ ಕಾಟಿಯಷ್ಟು ಸಂಕೋಚದ್ದಲ್ಲ). ಮಳೆ ಬಿದ್ದರೂ ಜೀಪು ಮೇಲಿನ ಬಂಡಾಗಳವರೆಗೆ (ತಂಗುವ ಕುಟೀರಗಳು) ಬರುತ್ತಾ? ಬಲ್ಲವರು ತಿಳಿಸಿ.